ಮೌನೇಶಪ್ಪ ತಾಮ್ರ ಬಡಿದು ನೋಡಿದರೆ

ಮೌನೇಶಪ್ಪನವರ ಮುತ್ತಜ್ಜ ಬಡಿದ ತಾಮ್ರದ ಹಂಡೆಯಲ್ಲಿ ಗದಗಿನ ಮೂರು ತಲೆಮಾರು ಮಿಂದಿತ್ತಂತೆ. ಅಜ್ಜ ತಾಮ್ರಕ್ಕೆ ತವರ ಬೆರೆಸಿ ಎರಕ ಹೊಯ್ದ ಗಂಟೆ ಮೂರು ಹರಿದಾರಿ ಕೇಳುತ್ತಿತ್ತಂತೆ. ಅಪ್ಪ ಗದಗು ಬಿಟ್ಟು ದೂರದ ಖಿದಿರ್‌ಪುರ ಬಂದರಿಗೆ ಹೋಗಿ ಹಡಗುಗಳಿಗೆ ತಾಮ್ರದ ಕೊಳವೆ ಬೆಸೆದವರು. ರೈಲ್ವೆಯ ಮೋಟರುಗಳಿಗೆ ತಂತಿ ಸುತ್ತಿ ನಿವೃತ್ತರಾದ ಮೌನೇಶಪ್ಪ ಈಗ ಅದೇ ಶಹರದ ಜಾದವ್‌ಪುರದಲ್ಲಿ ಕುಳಿತು ಕಂಡಕಂಡವರಿಗೆ ತಾಮ್ರ ಬೋಧಿಸುತ್ತಾರೆ. ಕಬ್ಬಿಣ ತುಕ್ಕು ಹಿಡಿದು ಸಾಯುತ್ತದೆ, ತಾಮ್ರ ಹಸಿರು ಶಾಲು ಹೊದ್ದು ಬಾಳುತ್ತದೆ ಎನ್ನುತ್ತಾರೆ. ಅಜೀರ್ಣಕ್ಕೂ ತಾಮ್ರದ ನೀರು, ಸೊಸೆಯ ಸಿಟ್ಟಿಗೂ ತಾಮ್ರದ ನೀರು. ಬೆಂಗಳೂರಿನಿಂದ ಬಂದ ಐಟಿ ಹುಡುಗರನ್ನು, "ನಿಮ್ಮ ಕಂಪ್ಯೂಟರಿನ ಹೊಟ್ಟ್ಯಾಗ ಇರೂದೂ ತಾಮ್ರನ, ಭಾಳ ಹಾರಾಡಬ್ಯಾಡ್ರಿ" ಎಂದು ಗದರುತ್ತಾರೆ. ಆದರೂ ಪಕ್ಕದ ಕಸ್ಬಾ ಬಡಾವಣೆಯಲ್ಲಿ ಫ್ಲ್ಯಾಟ್ ಕೊಂಡ ಕನ್ನಡಿಗರು ಗೃಹಪ್ರವೇಶದ ಕೊಡವನ್ನು ಮೊದಲು ಅವರಿಗೇ ತಂದು ತೋರಿಸಬೇಕು. ಅವರು ಬೆರಳ ಗೆಣ್ಣಿನಿಂದ ಬಡಿದು, ಕಣ್ಣು ಮುಚ್ಚಿ ನಾದ ಆಲಿಸಿ, ಅಸಲಿಯೋ ಬೆರಕೆಯೋ ಹೇಳಿದರೆ ಅದಕ್ಕೆ ಮೇಲ್ಮನವಿಯಿಲ್ಲ. ಮೊನ್ನೆ ಪೂರ್ವಿ ಎಂಬ ಐಟಿ ಹುಡುಗಿ ತಂದ ಕೊಡವನ್ನು ಬಡಿದವರೇ, ಅದರ ಅಂಚನ್ನು ಹಲ್ಲಿನಿಂದ ಕಚ್ಚಿ ಹಿಡಿದರು. ಪೂಜೆಯ ಕೊಡ ಎಂಜಲಾಯಿತಲ್ಲ ಎಂದು ಅವಳು ಬೆಚ್ಚಿಬಿದ್ದಳು. ಅಷ್ಟರಲ್ಲಿ ಪಕ್ಕದ ಒಲೆಯ ಮೇಲೆ ಕುಕ್ಕರು ಐದನೆಯ ಸಲ ಕೂಗಿತು. ಅವರು ತಿರುಗಿಯೂ ನೋಡಲಿಲ್ಲ. ಅವರಿಗೆ ಕಿವಿ ಕೇಳಿಸುತ್ತಿಲ್ಲ, ಕೊಡದ ನಾದವನ್ನು ಹಲ್ಲಿನಿಂದ ಹಿಡಿಯುತ್ತಿದ್ದಾರೆಂದು ಪೂರ್ವಿಗೆ ಆಗ ತಿಳಿಯಿತು. ಒಲೆ ಆರಿಸಿ ಬಂದು, ಕಿವಿಯ ಬಳಿ ಬಾಗಿ, "ಅಜ್ಜ, ಕಿವಿ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ" ಎಂದು ಕೂಗಿದಳು. ಮೌನೇಶಪ್ಪ ಕೊಡದ ಅಂಚನ್ನು ಧೋತರದಿಂದ ಮೆತ್ತಗೆ ಒರೆಸಿದರು. "ಬ್ಯಾಡವಾ. ಕಿವ್ಯಾಗ ಮಷೀನ್ ಇಟ್ಟರ, ತೀರ್ಪು ಮಷೀನಂದಾಗತೈತಿ. ನನಗ ಇನ್ನೂ ನಾಕು ಹಲ್ಲು ಅದಾವು."