ಎರಡರ ಖಾನೆ

ಶಂಕರಪುರಂನ ಆ ಸರ್ಕ್ಯುಲೇಟಿಂಗ್ ಲೈಬ್ರರಿಯ ಗೋಡೆಯಲ್ಲಿ ಮರದ ಒಂದು ಚೌಕಟ್ಟಿತ್ತು. ಅದರಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಖಾನೆಗಳು. ಯಾರಾದರೂ ಪುಸ್ತಕ ಒಯ್ದರೆ ಯಜಮಾನರು ಪುಸ್ತಕದ ಹೆಸರು ಮತ್ತು ಸದಸ್ಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು, ಸಂಖ್ಯೆಯ ಕೊನೆಯ ಅಂಕಿ ಯಾವುದೋ ಆ ಖಾನೆಗೆ ಹಾಕುತ್ತಿದ್ದರು. ವಾಪಸು ತಂದಾಗ ಒಂದೇ ಖಾನೆಯಲ್ಲಿ ಹುಡುಕಿದರೆ ಸಾಕು.

ನನ್ನದು ನೂರ ಎಪ್ಪತ್ತೆರಡು. ಒಂದು ಶನಿವಾರ ಯಜಮಾನರು ಎರಡರ ಖಾನೆಯಿಂದ ಕೈಗೆ ಸಿಕ್ಕ ಚೀಟಿ ತೆಗೆದು, ಸಂಖ್ಯೆ ನೋಡದೆ, "ಹಕ್ಕಿ ಪುಸ್ತಕ ಎಲ್ಲಮ್ಮ? ತಿಂಗಳಾಯ್ತು" ಎಂದರು.

"ನಾನು ಹಕ್ಕಿ ಪುಸ್ತಕ ತಗೊಂಡೇ ಇಲ್ಲ ಸರ್."

"ಅದು ನಂದು ಸರ್, ಮುನ್ನೂರ ಹನ್ನೆರಡು" ಎಂದು ಹಿಂದಿನಿಂದ ಒಂದು ದನಿ ಬಂತು. "ಇನ್ನೂ ಓದ್ತಿದೀನಿ. ಅವರನ್ನ ಬೈಬೇಡಿ."

ಅವನ ಪರಿಚಯವಾದದ್ದು ಹಾಗೆ. ಆಮೇಲೆ ಎರಡು ವರ್ಷ ಪ್ರತಿ ಶನಿವಾರ ಕಪಾಟುಗಳ ನಡುವೆ ನಿಂತು ಮಾತಾಡಿದೆವು. ಫೋನ್ ನಂಬರ್ ಕೇಳುವ ಅಗತ್ಯ ಇಬ್ಬರಿಗೂ ಕಾಣಲಿಲ್ಲ. ಶನಿವಾರ ಹೇಗೂ ಬರುತ್ತಿತ್ತು.

ಇಂಜಿನಿಯರಿಂಗ್‌ನಲ್ಲಿ ಹ್ಯಾಶ್ ಮ್ಯಾಪ್ ಪಾಠವಾದ ದಿನ ನನಗೆ ಆ ಚೌಕಟ್ಟು ನೆನಪಾಯಿತು. ಕೀಲಿಯೊಂದನ್ನು, ಅಂದರೆ ಗುರುತಿನ ಸಂಖ್ಯೆಯೊಂದನ್ನು, ಕೊಟ್ಟರೆ ಅದು ಯಾವ ಖಾನೆಗೆ ಸೇರಬೇಕೆಂದು ಲೆಕ್ಕ ಹಾಕುವುದು, ಒಂದೇ ಖಾನೆಗೆ ಇಬ್ಬರು ಬಂದರೆ ಇಬ್ಬರನ್ನೂ ಅಲ್ಲೇ ಇರಿಸಿಕೊಳ್ಳುವುದು. ಲೈಬ್ರರಿಯ ಕಂಪ್ಯೂಟರ್‌ಗೆ ಅಂಥದೇ ಸಣ್ಣ ಪ್ರೋಗ್ರಾಂ ಬರೆದುಕೊಟ್ಟೆ. ಸಂಖ್ಯೆ ಒತ್ತಿದರೆ ಪುಸ್ತಕದ ಹೆಸರು ಬರುತ್ತಿತ್ತು. ಪುಸ್ತಕ ವಾಪಸಾಗಿದ್ದರೆ "ಏನೂ ಬಾಕಿ ಇಲ್ಲ" ಎಂದು ಬರುತ್ತಿತ್ತು.

ಯಜಮಾನರು ನೋಡಿ, "ಇದನ್ನ ಕಲಿಯೋಕೆ ನಾಲ್ಕು ವರ್ಷ ಕಾಲೇಜಾ? ನನ್ನ ಕೇಳಿದ್ರೆ ಒಂದು ಮಧ್ಯಾಹ್ನದಲ್ಲಿ ಹೇಳ್ಕೊಡ್ತಿದ್ದೆ" ಎಂದರು.

ನನಗೆ ಕೆಲಸ ಸಿಕ್ಕಿದ ವರ್ಷ ಅವನು ಬರುವುದು ನಿಂತಿತು. ಅವನ ಕುಟುಂಬ ಮನೆ ಖಾಲಿ ಮಾಡಿತಂತೆ. ಎಲ್ಲಿಗೆ ಎಂದು ಯಜಮಾನರಿಗೂ ಗೊತ್ತಿರಲಿಲ್ಲ. ಕೊನೆಯ ಸಲ ಒಯ್ದದ್ದು ಮತ್ತೆ ಅದೇ ಹಕ್ಕಿ ಪುಸ್ತಕ. ಶನಿವಾರಗಳಂದು ಪ್ರೋಗ್ರಾಂ ಸರಿಯಿದೆಯೇ ಎಂದು ನೋಡುವ ನೆಪದಲ್ಲಿ ನಾನು ಮುನ್ನೂರ ಹನ್ನೆರಡು ಒತ್ತುತ್ತಿದ್ದೆ. ಪುಸ್ತಕದ ಹೆಸರು ಬಂದರೆ ಅಂದಿಗೆ ಸಾಕು. ತಂದುಕೊಡಬೇಕಾದವನು ಎಂದಾದರೂ ಬರಲೇಬೇಕಲ್ಲ.

ಕಳೆದ ತಿಂಗಳು ಯಜಮಾನರು ಲೈಬ್ರರಿ ಮುಚ್ಚಿದರು. ಪುಸ್ತಕಗಳು ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗೆ ಹೋಗಲಿದ್ದವು. ಕೊನೆಯ ದಿನ ನನ್ನನ್ನು ಕರೆಸಿದರು.

"ಯಾರ ಹತ್ರ ಏನಿದೆಯೋ ಅವರೇ ಇಟ್ಕೊಳ್ಳಲಿ. ಜನರ ಹೆಸರಲ್ಲಿ ಬಾಕಿ ಇಟ್ಕೊಂಡು ಬಾಗಿಲು ಹಾಕಬಾರ್ದು ಅಂತ ನಮ್ಮಪ್ಪ ಹೇಳೋರು. ಎಲ್ಲಾ ಅಳಿಸ್ಬಿಡಮ್ಮ."

ಒಂದೊಂದಾಗಿ ತೆಗೆಯಬೇಕಿಲ್ಲ. ಕ್ಲಿಯರ್ ಎಂಬ ಒಂದು ಮಾತಿಗೆ ಇಡೀ ಮ್ಯಾಪ್ ಬರಿದಾಗುತ್ತದೆ. ಅದಕ್ಕೆ ಮೊದಲು, ಅವರಿಗೆ ಕಾಣದಂತೆ, ಇನ್ನೊಂದು ಸಾಲು ಬರೆದೆ. ಇದ್ದ ಪಟ್ಟಿಗೆ 'ಹಳೆಯದು' ಎಂಬ ಹೆಸರು ಕೊಟ್ಟು, ಒಂದು ಪ್ರತಿ ನನ್ನ ಬಳಿ ಉಳಿಯಿತು ಎಂದುಕೊಂಡೆ. ಆಮೇಲೆ ಅಳಿಸಿದೆ.

"ಎಷ್ಟಿದೆ ಈಗ?"

"ಸೊನ್ನೆ ಸರ್."

ಅವರು ಕಪಾಟಿನ ಕಡೆ ತಿರುಗಿದಾಗ 'ಹಳೆಯದು' ಪಟ್ಟಿಯಲ್ಲಿ ಎಷ್ಟಿದೆ ಎಂದು ನೋಡಿದೆ. ಅದೂ ಸೊನ್ನೆ.

ಇನ್ನೊಂದು ಹೆಸರು ಕೊಟ್ಟರೆ ಇನ್ನೊಂದು ಪಟ್ಟಿ ಹುಟ್ಟುವುದಿಲ್ಲ. ಒಂದೇ ಮನೆಗೆ ಎರಡು ಬೋರ್ಡು ಹಾಕಿದಂತೆ, ಅಷ್ಟೆ. ಒಳಗಿನದನ್ನು ತೆಗೆದರೆ ಎರಡೂ ಬೋರ್ಡಿನ ಹಿಂದೆ ಅದೇ ಖಾಲಿ ಮನೆ. ಪ್ರತಿ ಬೇಕಿದ್ದರೆ ಒಂದೊಂದು ನಮೂದನ್ನೂ ಹೊಸ ಮ್ಯಾಪಿಗೆ ತುಂಬಿಕೊಳ್ಳಬೇಕಿತ್ತು. ಆಫೀಸಿನಲ್ಲಿ ಹೊಸಬರು ಈ ತಪ್ಪು ಮಾಡಿದಾಗ ನಾನೇ ತಿದ್ದಿದ್ದೇನೆ. ಬದಲಾವಣೆಯಾದ ಕೂಡಲೇ ಡಿಸ್ಕಿನಲ್ಲಿದ್ದುದನ್ನೂ ಅಳಿಸಿ ಹೊಸದಾಗಿ ಬರೆಯುವಂತೆ ಮಾಡಿದವಳೂ ನಾನೇ. ಹಿಂದಕ್ಕೆ ಪಡೆಯಲು ಏನೂ ಉಳಿದಿರಲಿಲ್ಲ.

ಯಜಮಾನರು ಪುಸ್ತಕಗಳ ಕಟ್ಟಿಗೆ ಹಗ್ಗ ಬಿಗಿಯುತ್ತ, ನನ್ನ ಕಡೆ ನೋಡದೆ, "ಆ ಹಕ್ಕಿ ಪುಸ್ತಕದವನದೂ ಹೋಯ್ತಾ?" ಎಂದರು.

"ಹೋಯ್ತು ಸರ್."

"ಒಳ್ಳೇದಾಯ್ತು ಬಿಡು. ಇನ್ನು ವಾಪಸ್ ತರಬೇಕಲ್ಲ ಅನ್ನೋ ಚಿಂತೆ ಇಲ್ಲ ಅವನಿಗೆ."

ಅವನ ಸಂಖ್ಯೆ ನನಗೆ ಬಾಯಿಪಾಠ, ಪುಸ್ತಕದ ಹೆಸರೂ. ಬೇಕೆಂದರೆ ಆ ಸಾಲನ್ನು ಮತ್ತೆ ಬರೆಯಬಹುದಿತ್ತು. ಆದರೆ ನಾನು ಕೈಯಾರೆ ಬರೆದುಕೊಂಡ ಸಾಲಿಗಾಗಿ ಅವನೇಕೆ ಬರಬೇಕು?

ಕ್ಲಿಯರ್ ಮಾಡಿದ ಮ್ಯಾಪಿನಲ್ಲಿ ಖಾನೆಗಳು ಹೋಗುವುದಿಲ್ಲ, ಇದ್ದಷ್ಟೇ ಇರುತ್ತವೆ. ಮುನ್ನೂರ ಹನ್ನೆರಡು ಒತ್ತಿದೆ. ಏನೂ ಬಾಕಿ ಇಲ್ಲ. ನನ್ನದನ್ನೂ ಒತ್ತಿದೆ. ಅದೇ ಉತ್ತರ.

"ಇನ್ನೂ ಏನಮ್ಮ ನೋಡ್ತಿದೀಯ?"

"ಸರಿಯಾಗಿ ಅಳಿಸಿಹೋಗಿದೆಯಾ ಅಂತ ಸರ್."