ಯಜಮಾನರು ಕೊಟ್ಟ ತಿಂಡಿ

ಪರೀಕ್ಷೆ ಬರೆಯುವವರ ಮೇಲೆ ನನಗೆ ಸಿಟ್ಟಿಲ್ಲ. ಬರೆದು ಹೊರಗೆ ಬಂದ ಮೇಲೆ ಗುಂಪು ಕಟ್ಟಿಕೊಂಡು "ನೀ ಏನ್ ಬರ್ದಿ, ನಾ ಏನ್ ಬರ್ದೆ" ಎಂದು ಒದ್ದಾಡುವವರನ್ನು ಕಂಡರೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ. ಉತ್ತರ ಕೊಟ್ಟಾಗಿದೆ, ಕಟ್ಟು ಕಟ್ಟಿ ಅರಗು ಹಾಕಿಯೂ ಆಗಿದೆ. ನಾನು ಬಿಗಿದ ನಟ್ಟು ಸಡಿಲಾದರೆ ಮತ್ತೆ ಬಿಗಿಯಬಹುದು. ಇವರದು ಅದೂ ಅಲ್ಲ, ಬರೀ ಬಾಯಿ.

ನಾನು ಶಾಲೆ ಬಿಟ್ಟವನು. ನಿಜಾಮರ ಕಾಲದಲ್ಲಿ ಉರ್ದು ನಾಲ್ಕನೆಯ ಜಮಾತಿನಲ್ಲಿದ್ದಾಗ ಅಪ್ಪ ತೀರಿಕೊಂಡರು, ನಾನು ಸೈಕಲ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಕೂತೆ. ಬೀದರ್ ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ಹೈಸ್ಕೂಲಿನ ಎದುರಿಗೇ ನನ್ನ ಸ್ವಂತ ಅಂಗಡಿ ಇತ್ತು. ಸೈಕಲ್ ಬಾಡಿಗೆಗೆ ಕೊಡುತ್ತಿದ್ದೆ, ರಿಪೇರಿ ಮಾಡುತ್ತಿದ್ದೆ, ಯಾರ ಮುಂದೂ ಕೈ ಚಾಚಲಿಲ್ಲ. ಅದೇ ದುಡಿಮೆಯಲ್ಲಿ ತಮ್ಮನನ್ನು ಮೆಟ್ರಿಕ್‌ವರೆಗೆ ಓದಿಸಿದೆ. ಆಗ ಹಳ್ಳಿಹಳ್ಳಿಗೆ ಕನ್ನಡ ಶಾಲೆಗಳು ಏಳುತ್ತಿದ್ದವು, ಮಾಸ್ತರರು ಸಿಗುತ್ತಿರಲಿಲ್ಲ. ಪಾಸಾದರೆ ತಮ್ಮ ಮಾಸ್ತರನಾಗುತ್ತಾನೆ; ಇಲ್ಲವಾದರೆ ನನ್ನಂತೆ ಗ್ರೀಸಿನಲ್ಲಿ ಕೈ. ನನ್ನ ಕೈಯ ಬಗ್ಗೆ ನನಗೆ ನಾಚಿಕೆಯಿಲ್ಲ. ಆದರೆ ಅವನಿಗೆ ಆ ಕೈ ಇರಲಿಲ್ಲ. ಒಂದು ಪಂಚರ್ ಹಾಕಲು ಹೇಳಿದರೆ ಇನ್ನೊಂದು ತೂತು ಮಾಡಿ ಕೊಡುತ್ತಿದ್ದ.

ತಮ್ಮ ಮೆಟ್ರಿಕ್ ಪರೀಕ್ಷೆಗೆ ಕೂತ ವರ್ಷದ ಕನ್ನಡ ಪ್ರಶ್ನೆಪತ್ರಿಕೆ ಮೈಸೂರಿನ ಕಡೆಯವರು ಮಾಡಿದ್ದು. ಪರೀಕ್ಷೆ ಮುಗಿದದ್ದೇ ಹುಡುಗರು ಬಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತರು. ಅವರಲ್ಲಿ ದೊಡ್ಡ ಬಾಯಿ ಭಾಲ್ಕಿಯ ವಕೀಲರ ಮಗನದು. ಅವನ ಪಕ್ಕದಲ್ಲಿ ಔರಾದಿನ ಹುಡುಗ, ಮನೆಯಲ್ಲಿ ಮರಾಠಿ ಆಡುವವನು. ತುದಿಯಲ್ಲಿ ನನ್ನ ತಮ್ಮ. ಜಗಳವೆಲ್ಲ ಪತ್ರಿಕೆಯಲ್ಲಿದ್ದ ಒಂದು ಸಣ್ಣ ಗದ್ಯದ ಮೇಲೆ: "ಯಜಮಾನರು ಚಾಪೆ ಹಾಸಿ, ಬಂದವರಿಗೆ ತಿಂಡಿ ಕೊಟ್ಟು ಆದರಿಸಿದರು." ಯಜಮಾನರ ಸ್ವಭಾವವನ್ನು ವಿವರಿಸಿರಿ ಎಂದು ಪ್ರಶ್ನೆ.

ನಮ್ಮ ಕಡೆ ತಿಂಡಿ ಎಂದರೆ ತುರಿಕೆ. ಕಾಲು ಕೆರೆದು ಜಗಳಕ್ಕೆ ಬರುವವನಿಗೆ "ತಿಂಡಿ ಎದ್ದಾದೇನು?" ಎಂದು ಕೇಳುತ್ತೇವೆ. ಆ ಶಬ್ದಕ್ಕೆ ಬೇರೊಂದು ಅರ್ಥವಿರುತ್ತದೆಂದು ನನಗೂ ಗೊತ್ತಿರಲಿಲ್ಲ.

"ಲೇ, ಸೀದಾ ಅದ ಅದು," ಎಂದ ವಕೀಲರ ಮಗ. "ಮ್ಯಾಲ ಮ್ಯಾಲ ಆದರ, ಒಳಗ ತಿಂಡಿ. ಮನುಷ್ಯಾ ಕಪಟಿ ಇದ್ದಾನ. ಎರಡ್ ಪುಟ ಬರ್ದೀನಿ."

"ಕಪಟಿ ಇದ್ದಾಂವ ಚಾಪಿ ಯಾಕ ಹಾಸ್ತಾನಪಾ?" ಎಂದ ಔರಾದಿನವನು. "ಆ ಮನ್ಯಾಗ ಖರೂಜ ಇತ್ತು. ಚರ್ಮದ ರೋಗ. ಬಂದವರಿಗೂ ಹತ್ತ್ಯಾದ. ಪಾಪ, ಬೇಕಂತ ಮಾಡಿಲ್ಲ ಅಂತ ಬರ್ದೀನಿ ನಾ."

"ಖರೂಜ ಕೊಟ್ಟು ಆದರಿಸ್ತಾರೇನೋ ಮಬ್ಬ?"

ತಮ್ಮ ಮೆಲ್ಲಗೆ ಬಾಯಿ ತೆಗೆದ. "ತಿನ್ನಾಕ ಏನರ ಕೊಟ್ಟಿರಬೇಕು. ಒಳ್ಳೇ ಮನುಷ್ಯಾ ಅಂತ ಬರ್ದೀನಿ."

ಇಬ್ಬರೂ ಬಿದ್ದು ಬಿದ್ದು ನಕ್ಕರು. "ತಿಂಡಿ ತಿಂತಾರೇನೋ? ನಿಮ್ಮ ಮನ್ಯಾಗ ರೊಟ್ಟಿಗಿ ಹಚ್ಚಿಕೊಂಡು ತಿಂತೀರೇನು?"

ಇವರೇ ನಾಳೆ ವಕೀಲರು, ತಹಸೀಲ್ದಾರರು. ಪುಸ್ತಕ ಓದಿದವರಂತೆ. ದೊಡ್ಡ ದನಿ ಯಾರದೋ ಅವನ ಉತ್ತರವೇ ಖರೆ! ಇವರಿಗಿಂತ ನನ್ನ ಗಿರಾಕಿಗಳು ವಾಸಿ, ಚೈನು ತಪ್ಪಿದ್ದರೆ ತಪ್ಪಿದೆ ಎಂದಾದರೂ ಒಪ್ಪುತ್ತಾರೆ. ನನ್ನವನೂ ಕಡಿಮೆಯೇನಲ್ಲ. ಆ ನಗೆಗೆ ಮುಖ ಸಣ್ಣದು ಮಾಡಿಕೊಂಡು ಎದ್ದು ನನ್ನ ಹತ್ತಿರ ಬಂದ.

"ಅಣ್ಣಾ, ನಾ ನಾಳಿ ಗಣಿತಕ್ಕ ಹೋಗಲ್ಲ. ಕನ್ನಡದಾಗೇ ಫೇಲ್ ಆದ ಮ್ಯಾಲ ಉಳಿದದ್ದು ಬರ್ದು ಏನ್ ಮಾಡ್ಲಿ? ಇಲ್ಲೇ ಅಂಗಡ್ಯಾಗ ಕೂಡ್ತೇನಿ."

"ಇಲ್ಲಿ ಕೂಡ್ತಿ? ಇದ್ದ ತೂತು ಸಾಲಲ್ಲೇನು ನನಗ?"

ಅವನ ಕಣ್ಣಲ್ಲಿ ನೀರು. ನಾನು ತಲೆಯೆತ್ತದೆ ಚೈನು ತಿರುವುತ್ತ ಕೂತೆ. ಇಷ್ಟು ವರ್ಷ ಬೆನ್ನು ಬಗ್ಗಿಸಿ ದುಡಿದದ್ದು ಇಂಥ ಮೆದು ಮಣ್ಣಿಗಾಗಿಯೇ ಎನಿಸಿತು.

ಪಕ್ಕದಲ್ಲಿ ಚಾಚಾನ ಚಹಾದ ಹೋಟೆಲು. ಅಷ್ಟರಲ್ಲಿ ಕೋಟು ಹಾಕಿಕೊಂಡ ಒಬ್ಬರು ಬಂದು ಅದರ ಬೆಂಚಿನ ಮೇಲೆ ಕೂತರು. ಮೈಸೂರು ಕಡೆಯಿಂದ ಕಚೇರಿಗೆ ಹೊಸದಾಗಿ ಬಂದವರು.

"ಏನಪ್ಪಾ, ತಿಂಡಿ ಏನಿದೆ?" ಎಂದರು.

ಚಾಚಾ ಸ್ಟೋವಿನ ಮುಂದಿನಿಂದ ಎದ್ದು ನಿಂತ. "ತಿಂಡಿ? ನಮಗೇನ್ ತಿಂಡಿ ಇಲ್ಲ ಸಾಹೇಬ್ರ. ನಿಮಗೇ ಎದ್ದಾದೇನು?"

"ಬಿಸಿಯಾಗಿ ಏನಿದ್ದರೂ ಸರಿ. ಎರಡು ಪ್ಲೇಟು ಕೊಡಿ."

"ಪ್ಲೇಟಿನ್ಯಾಗ ತಿಂಡಿ? ತೌಬಾ!"

ಆ ಮನುಷ್ಯರು ಗಾಬರಿಯಾಗಿ ಗಾಜಿನ ಪೆಟ್ಟಿಗೆಯಲ್ಲಿದ್ದ ಪೂರಿಯ ಕಡೆ ಬೆರಳು ಮಾಡಿದರು.

"ಅರೇ, ನಾಷ್ಟಾ ಅನ್ರಿ ಮತ್ತ!" ಎಂದು ಚಾಚಾ ನಕ್ಕ. "ಸುಮ್ ಸುಮ್ನೆ ಜಗಳಾ ತೆಗೀಲಾಕ ಬಂದೀರಿ ಅನ್ಕೊಂಡಿದ್ದೆ."

ಕಟ್ಟೆಯ ಮೇಲಿದ್ದವರಿಗೆಲ್ಲ ಅದು ಕೇಳಿಸಿತು. ಔರಾದಿನವನು ತೋಳು ಕೆರೆದುಕೊಂಡ. ವಕೀಲರ ಮಗ ಮಾತ್ರ ಗಂಟಲು ಸರಿಮಾಡಿಕೊಂಡು, "ನಾನೂ ಕಡೀಕ ಒಂದ್ ಸಾಲು ಊಟದ್ದು ಸೇರಿಸೀನಿ ಬಿಡು," ಎಂದ. ಎರಡು ಪುಟ ಕಪಟದ ಕೊನೆಗೆ ಒಂದು ಸಾಲು ಊಟ! ಹೀಗೆ ಹೇಳುವುದಕ್ಕೂ ಒಂದು ಮುಖ ಬೇಕು.

ನನ್ನ ತಮ್ಮ ಕುಣಿದಾಡಿದ. ಆಗಲೇ ಅತ್ತವನು ಈಗ ನಗುತ್ತಿದ್ದ. ಆದರೆ ಹೆಚ್ಚು ಹೊತ್ತಲ್ಲ. "ಅದು ಹೋಗ್ಲಿ, ಮುಂದಿನ ಪ್ರಶ್ನಿಗಿ ಏನ್ ಬರ್ದಿ?" ಎಂದು ವಕೀಲರ ಮಗ ಮತ್ತೆ ಪತ್ರಿಕೆ ಬಿಡಿಸಿದ. ಇವನೂ ಹೋಗಿ ಅವನ ಬಗಲಲ್ಲಿ ಕೂತ. ಎರಡು ಮಾತಿಗೆ ಮುಖ ಮತ್ತೆ ಬಿಳಿಚಿತು. "ನಾ ಹಂಗ ಬರ್ದೇ ಇಲ್ಲಲ್ಲೋ..."

ನಾನು ಎದ್ದು ಹೋಗಿ ವಕೀಲರ ಮಗನ ಕೈಯಲ್ಲಿದ್ದ ಪ್ರಶ್ನೆಪತ್ರಿಕೆ ಕಿತ್ತುಕೊಂಡೆ. ಚೈನಿನ ಗ್ರೀಸು ಅದರಲ್ಲೇ ಒರೆಸಿದೆ, ಒಂದು ಅಕ್ಷರವೂ ಕಾಣದಂತೆ.

"ಉಸ್ತಾದ್, ಇದೇನ್ ಮಾಡಿದ್ರಿ!" ಎಂದು ಔರಾದಿನವನು ಕೂಗಿದ.

"ಇಷ್ಟಕ್ಕರ ಕೆಲಸಕ್ಕ ಬಂತು," ಎಂದೆ. ಆಮೇಲೆ ತಮ್ಮನ ಕಡೆ ತಿರುಗಿದೆ. "ಅಳೂದೂ ಇವರು ಹೇಳಿದ್ದಕ್ಕ, ನಗೂದೂ ದಾರ್ಯಾಗ ಹೋಗವ್ರು ಹೇಳಿದ್ದಕ್ಕ. ನಿನ್ನ ತಲಿ ಯಾರಿಗಿ ಬಾಡಿಗಿ ಕೊಟ್ಟೀದಿ? ನಾಳಿ ಹೋಗ್ತಿಯೋ ಇಲ್ಲೋ?"

"ಹೋಗ್ತೇನಿ ಅಣ್ಣಾ."

"ಮುಗಿದ ಮ್ಯಾಲ?"

"ಸೀದಾ ಮನಿಗಿ."

ಹೋದ. ಉಳಿದ ಪರೀಕ್ಷೆಗಳನ್ನೂ ಬರೆದ, ಪಾಸಾದ. ಮುಂದೆ ಖಟಕ ಚಿಂಚೋಳಿಯ ಕಡೆ ಮಾಸ್ತರನಾಗಿ ಮಕ್ಕಳಿಗೆ ಕನ್ನಡವನ್ನೇ ಕಲಿಸಿದ. ಆದರೆ ನನಗೆ ಚೆನ್ನಾಗಿ ನೆನಪಿರುವುದು ಮರುದಿನದ ಮಧ್ಯಾಹ್ನ. ಗಣಿತ ಮುಗಿಸಿ ಅದೇ ಗುಂಪು ಅದೇ ಕಟ್ಟೆಗೆ ಬಂತು. ವಕೀಲರ ಮಗ ಅತ್ತಿತ್ತ ನೋಡಿ, "ಉಸ್ತಾದ್, ನಿಮ್ಮ ತಮ್ಮ ಎಲ್ಲ್ಯಾನ್ರಿ? ಉತ್ತರಾ ತಾಳೆ ನೋಡಬೇಕಿತ್ತು," ಎಂದ.

ನಾನು ಬ್ರೇಕ್ ಬಿಗಿಯುತ್ತಲೇ ಹೇಳಿದೆ: "ಅವನಿಗಿ ತಿಂಡಿ ಇಲ್ಲ. ಮನಿಗಿ ಹೋದ."