ಮಡಿಯಲ್ಲಿ ಹಿಮ ಇಳಿದ ಅನಂತಸ್ವಾಮಿ

ಬೇಲೂರಿನ ಅನಂತಸ್ವಾಮಿ ಜನ್ಮದಲ್ಲಿ ಒಂದು ಸಲವೂ ಬಿದ್ದವನಲ್ಲ. ಪುಷ್ಕರಿಣಿಯ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಕಾಲು ಜಾರಿ, ಬಿಂದಿಗೆ ಒಂದು ಕಡೆ, ತಾನೊಂದು ಕಡೆ ಆದಾಗಲೂ, ನೀರಿಗೆ ಬಂದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರೂ, ಅವನು ಗಂಭೀರವಾಗಿ ಹೇಳಿದ್ದು ಇಷ್ಟೇ: "ಬೀಳಲಿಲ್ಲ, ಕೂತೆ." ಜಾವಗಲ್ಲಿನ ಒಂದು ಮದುವೆಯಲ್ಲಿ ಸಾರಿನ ಪಾತ್ರೆ ಹಿಡಿದು ಹೊಸ್ತಿಲು ಎಡವಿ, ಬೀಗರ ಪಂಕ್ತಿಯ ನಡುವೆ ಉದ್ದಕ್ಕೆ ಮಲಗಿದ. ಎದ್ದವನು, "ಬೀಗರಿಗೆ ನಮಸ್ಕಾರ ಮಾಡಿದೆ" ಅಂದ. ಅವನ ಹೆಂಡತಿ ಕೋಮಲವಲ್ಲಿ ನೆರೆಹೊರೆಯವರಿಗೆ ಹೇಳುತ್ತಿದ್ದಳು: "ನಮ್ಮನೆಯವರು ಬೀಳೋಲ್ಲ ಕಣ್ರೀ. ನೆಲವೇ ಮೇಲೆದ್ದು ಬರುತ್ತೆ."

ಅವನದು ಅಡುಗೆ ಕೆಲಸ. ದೇವಸ್ಥಾನದ ಅಡುಗೆಮನೆಯಲ್ಲಿ ಸರದಿ ಬಂದ ತಿಂಗಳು ದೇವರಿಗೆ, ಸರದಿ ಇಲ್ಲದ ತಿಂಗಳು ಕರೆದ ಮನೆಯವರಿಗೆ. ಅವನ ಪುಳಿಯೋಗರೆಗೆ ಹಗರೆಯಿಂದ ಹಳೇಬೀಡಿನವರೆಗೆ ಹೆಸರಿತ್ತು. ಮಡಿಗಂತೂ ಅದಕ್ಕಿಂತ ದೊಡ್ಡ ಹೆಸರು. ಮಡಿಯುಟ್ಟು ಬೀದಿಗಿಳಿದರೆ ನಾಯಿಗಳೂ ದಾರಿ ಬಿಡುತ್ತಿದ್ದವು. ಭಕ್ತಿಯಿಂದಲೋ ಬೈಗುಳದ ಹೆದರಿಕೆಯಿಂದಲೋ, ಅದನ್ನು ನಾಯಿಗಳೇ ಹೇಳಬೇಕು.

ಇಂಥವನು ಮೂವತ್ತರ ದಶಕದ ಒಂದು ವರ್ಷ ಕಾಶ್ಮೀರಕ್ಕೆ ಹೊರಟದ್ದು, ಅವನನ್ನು ಅಡುಗೆಗೆ ಕರೆಯುತ್ತಿದ್ದ ಮನೆಯ ಹಿರಿಯಾಕೆ ಯದುಗಿರಿಯಮ್ಮನವರಿಂದ. ಅವರ ಮಗ ವೆಂಕಟರಾಮಯ್ಯ ಇಂಜಿನಿಯರು. ಅವನಿಗೆ ಕಾಶ್ಮೀರದ ಒಂದು ಬೆಟ್ಟದಲ್ಲಿ ಕೂತು ಚಳಿಗಾಲದಲ್ಲಿ ಎಷ್ಟು ಹಿಮ ಬೀಳುತ್ತದೆ ಎಂದು ಅಳೆಯುವ ಕೆಲಸ ಸಿಕ್ಕಿತ್ತು. ಆಕಾಶ ಪುಕ್ಕಟೆ ಕೊಟ್ಟದ್ದನ್ನು ಅಳೆಯುವುದಕ್ಕೂ ಸಂಬಳ ಕೊಡುತ್ತಾರೆಂದು ಬೇಲೂರಿಗೆ ಗೊತ್ತಾದದ್ದು ಆಗಲೇ. ಮಗನಿಗಿನ್ನೂ ಮದುವೆ ಇಲ್ಲ.

"ಅಲ್ಲಿ ದೊರೆಸಾನಿಯರು ಕಾಲಿಗೆ ಹಲಗೆ ಕಟ್ಟಿಕೊಂಡು ಗುಡ್ಡದಿಂದ ಜಾರ್ತಾರಂತೆ. ಯಾವಳು ಜಾರಿ ನಮ್ಮನೆಯೊಳಕ್ಕೇ ಬಂದುಬಿಡ್ತಾಳೋ! ನಾನೂ ಹೋಗ್ತೀನಿ. ಅನಂತೂ, ನೀನೂ ಹೊರಡು. ಇನ್ನೊಬ್ಬರ ಒಲೆ ಮೇಲೆ ಬೆಂದದ್ದು ನನ್ನ ಗಂಟಲಲ್ಲಿ ಇಳಿಯೋಲ್ಲ" ಎಂದರು ಯದುಗಿರಿಯಮ್ಮ. ಆ ವಯಸ್ಸಿನಲ್ಲಿ ಅಷ್ಟು ದೂರ ಬೇಡ ಎಂದು ಹೇಳುವ ಧೈರ್ಯ ಮಗನಿಗಿರಲಿಲ್ಲ. ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಅರಸೀಕೆರೆಯಲ್ಲಿ ರೈಲಿಗೆ ಸಾಮಾನು ಏರಿಸುವಾಗ ಕೂಲಿ ಲಕ್ಕಪ್ಪ ಸೊಂಟ ಹಿಡಿದುಕೊಂಡು ನಿಂತ. "ಏನ್ ಸ್ವಾಮೇರೆ, ಇಡೀ ಸಂತೇನೇ ಕಟ್ಕಂಡು ಹೊಂಟಿದೀರಲ್ಲ! ಅಲ್ಲಿ ಮಣ್ಣಾದ್ರೂ ಐತೋ, ಅದನ್ನೂ ತಗಂಡು ಹೋಗ್ತೀರೋ?" ತೆಂಗಿನಕಾಯಿ, ಹುಣಿಸೆಹಣ್ಣು, ಒಣಗಿಸಿದ ನೆಲ್ಲಿಕಾಯಿ ಎಲ್ಲ ಇತ್ತು. ಹಾಸಿಗೆ ಸುರುಳಿಗಳಿಗೆ ಮಾತ್ರ ಎಲ್ಲರಂತೆ ಚರ್ಮದ ಪಟ್ಟಿ ಇರಲಿಲ್ಲ; ಯದುಗಿರಿಯಮ್ಮನವರಿಗೆ ಚರ್ಮ ಆಗದು. ಎಲ್ಲವನ್ನೂ ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದಿದ್ದರು.

ಬೆಟ್ಟ ತಲುಪಿದಾಗ ಮೊದಲ ತೊಂದರೆ ಕಾದಿತ್ತು. ಇಳಿದುಕೊಳ್ಳಬೇಕಾದ ಬಂಗಲೆಯ ಅಡುಗೆಮನೆಯಲ್ಲಿ ಹಿಂದಿನವರು ಏನು ಬೇಯಿಸುತ್ತಿದ್ದರೆಂದು ಮೂಗಿಗೇ ತಿಳಿಯುತ್ತಿತ್ತು. ಯದುಗಿರಿಯಮ್ಮ ಉಸಿರು ಹಿಡಿದು ಹೊರಗೆ ಬಂದರು. ಬಂಗಲೆಯ ಹಿಂದಿನ ಗುಡ್ಡದ ಮೇಲೆ, ಚಳಿಗಾಲದಲ್ಲೂ ಹೆಪ್ಪುಗಟ್ಟದ ಒಂದು ಬುಗ್ಗೆಯ ಪಕ್ಕದಲ್ಲಿ, ಮರದ ಗುಡಿಸಲೊಂದಿತ್ತು. ಅದೇ ಮಡಿ ಅಡುಗೆಮನೆಯಾಯಿತು. ಅನಂತಸ್ವಾಮಿ ಅಲ್ಲೇ ಸ್ನಾನ ಮಾಡಿ, ಅಡುಗೆ ಮಾಡಿ, ಅಮ್ಮನವರು ಕುಡಿಯುವ ನೀರನ್ನೂ ಸೇರಿಸಿ ತಾನೇ ಹೊತ್ತು ಇಳಿಯಬೇಕು. ದಾರಿಯಲ್ಲಿ ಯಾರೂ ಅವನನ್ನು ಮುಟ್ಟಬಾರದು. ಮುಟ್ಟಿದರೆ ಮೇಲಕ್ಕೆ ಹೋಗಿ ಮತ್ತೆ ಸ್ನಾನ, ಮತ್ತೆ ಅಡುಗೆ. ಉಣ್ಣೆಗೆ ಮೈಲಿಗೆ ಇಲ್ಲವೆಂದು ಹಿಂದಿನವರು ಹೇಳಿಟ್ಟದ್ದು ದೊಡ್ಡ ಉಪಕಾರ. ಅವರಿಗೆ ಕಾಶ್ಮೀರ ಗೊತ್ತಿತ್ತೋ ಏನೋ. ಅನಂತಸ್ವಾಮಿ ಉಣ್ಣೆಯ ಧಾಬಳಿ ಸುತ್ತಿಕೊಂಡು ಬದುಕಿದ.

ಹಿಮ ಬೀಳುವವರೆಗೆ ಎಲ್ಲ ಸರಿಯಾಗಿತ್ತು. ಬಿದ್ದ ಮೇಲೆ ಆ ಗುಡ್ಡ, ಹಳೇಬೀಡಿನ ಕೆರೆ ಏರಿಯನ್ನು ಎತ್ತಿ ನಿಲ್ಲಿಸಿ ಮೇಲಿಂದ ಕೆಳಗೆ ಬೆಣ್ಣೆ ಸವರಿದ ಹಾಗಾಯಿತು.

"ಸ್ಕೀ ಕಲಿತುಬಿಡಿ ಸ್ವಾಮಿ. ಸುಭಾನ್ ಹೇಳಿಕೊಡ್ತಾನೆ" ಎಂದ ವೆಂಕಟರಾಮಯ್ಯ.

ಸುಭಾನ್ ಇಂಜಿನಿಯರ ಜೊತೆ ಅಳತೆಯ ಕೋಲು ಹೊರುತ್ತಿದ್ದ ಆ ಊರಿನವನು. ವಯಸ್ಸಿನಲ್ಲಿ ಅನಂತಸ್ವಾಮಿಯ ಓರಗೆ. ಸಾಹೇಬರ ಹಲಗೆ ಹೊತ್ತು ಹೊತ್ತು, ಅವರಿಗಿಂತ ಚೆನ್ನಾಗಿ ಜಾರುವುದನ್ನು ಕಲಿತಿದ್ದ. ಅವನ ಹಿಂದೂಸ್ತಾನಿಗೂ ಅನಂತಸ್ವಾಮಿ ಅರಸೀಕೆರೆ ಸಂತೆಯಲ್ಲಿ ಕಲಿತ ಉರ್ದುವಿಗೂ ದೂರದ ನೆಂಟಸ್ತಿಕೆ ಇದ್ದದ್ದರಿಂದ ಮಾತು ಹೇಗೋ ನಡೆಯುತ್ತಿತ್ತು.

ಪಾಠದ ಮೊದಲ ದಿನವೇ ತಕರಾರು. ಹಲಗೆಗೆ ಕಾಲನ್ನು ಬಿಗಿಯುವುದು ಚರ್ಮದ ಪಟ್ಟಿಯಲ್ಲಿ. ಅನಂತಸ್ವಾಮಿ ಅದನ್ನು ಹಾವು ಕಂಡಂತೆ ಕಂಡ. ಚರ್ಮ ತಾಕಿದರೆ ಒಂದು ಸ್ನಾನ, ಸುಭಾನ್ ತಾಕಿದರೆ ಇನ್ನೊಂದು ಸ್ನಾನ. ಆ ಚಳಿಯಲ್ಲಿ ಸ್ನಾನ ಹೆಚ್ಚಾದಷ್ಟೂ ಆಯುಸ್ಸು ಕಡಿಮೆ. ಕೊನೆಗೆ ಪಟ್ಟಿ ಕಿತ್ತು ಎಸೆದು, ಹಾಸಿಗೆಯ ನಾರಿನ ಹಗ್ಗ ಬಿಚ್ಚಿ ತಂದ. ಬೂಟಿನ ಬದಲು ಅಲ್ಲಿಯವರು ತೊಡುವ ಭತ್ತದ ಹುಲ್ಲಿನ ಚಪ್ಪಲಿ. ಹಲಗೆಗೆ ಕಾಲನ್ನು, ಗಾಡಿಗೆ ಮೂಟೆ ಬಿಗಿಯುವ ಹಾಗೆ ಬಿಗಿದ.

ಒದ್ದೆಯಾದ ನಾರು ಬಿಗಿಯುತ್ತದೆಂದು ತೆಂಗಿನ ಸೀಮೆಯವನಿಗೆ ಗೊತ್ತಿರಬೇಕಿತ್ತು. ಆದರೆ ಗಂಟು ಹೆಪ್ಪುಗಟ್ಟುವುದನ್ನು ಅರಸೀಕೆರೆ ಸೀಮೆಯಲ್ಲಿ ಯಾರು ಕಂಡಿದ್ದಾರೆ? ಪಾಠ ಮುಗಿಸಿ ಗುಡಿಸಲಿಗೆ ಹೋದವನು ಹಲಗೆ ಬಿಚ್ಚಲಾಗದೆ, ಒಲೆಯ ಕಡೆಗೆ ಕಾಲು ಚಾಚಿ ಕೂತು ಗಂಟು ಕರಗಿಸಿಕೊಂಡ. ಅಷ್ಟರಲ್ಲಿ ಅನ್ನ ಸೀದಿತ್ತು.

ಸುಭಾನ್ ಮುಟ್ಟದೆ ಕಲಿಸಬೇಕು. ಅಳತೆಯ ಕೋಲು ಹಿಡಿದು ದೂರದಿಂದ, ಎತ್ತು ಹೊಡೆದ ಹಾಗೆ ಹೇಳಿಕೊಡುತ್ತಿದ್ದ.

"ಪಂಡಿತ್‌ಜೀ, ಮೊಣಕಾಲು ಬಗ್ಗಿಸಿ."

"ಬಗ್ಗಿಸಿದೀನಲ್ಲ."

"ಅದು ಸೊಂಟ."

ಅಷ್ಟರಲ್ಲಿ ಅನಂತಸ್ವಾಮಿ ಹಿಮದಲ್ಲಿ ಅರ್ಧ ಹೂತಿರುತ್ತಿದ್ದ.

"ಬಿದ್ದಿರಾ?"

"ಇಲ್ಲ. ಕೂತೆ."

"ಮುಖ ಕೆಳಗೆ ಮಾಡಿ ಕೂರೋದು ನಿಮ್ಮೂರ ಪದ್ಧತಿಯಾ?"

ಹೀಗೆ ದಿನಾ ಕೂತು ಕೂತು, ಗುಡ್ಡದ ಮೇಲಿಂದ ಬುಡದವರೆಗೆ ಕೂರದೆ ಬಂದ ದಿನ ಒಂದೂ ಇಲ್ಲ. ಸುಭಾನ್ ಒಂದು ದಿನ ಬೇಸತ್ತು ಹೇಳಿದ: "ಬಿದ್ದೆ ಅಂತ ಒಪ್ಪಿಕೊಂಡರೆ ಯಾಕೆ ಬಿದ್ದೆ ಅಂತ ಹೇಳಿಕೊಡಬಹುದು. ಕೂತವನಿಗೆ ಏನು ಹೇಳಲಿ? ಆರಾಮಾಗಿ ಕೂತ್ಕೊಳಿ ಅನ್ನಬೇಕು ಅಷ್ಟೆ." ಅನಂತಸ್ವಾಮಿಗೆ ಈ ಮಾತು ಹಿಡಿಸಲಿಲ್ಲ. ದೇವರಿಗೆ ನೈವೇದ್ಯ ಹೊತ್ತ ವಂಶ ತನ್ನದು. ಬಿದ್ದೆ ಅಂದರೆ ವಂಶವೇ ಬಿದ್ದ ಹಾಗೆ.

ಇಷ್ಟರಲ್ಲಿ ವೈಕುಂಠ ಏಕಾದಶಿ ಬಂತು. ಯದುಗಿರಿಯಮ್ಮನವರದು ನೀರನ್ನೂ ಮುಟ್ಟದ ಉಪವಾಸ. ಮಾರನೆಯ ದಿನ ದ್ವಾದಶಿಯ ಪಾರಣೆ, ಅಂದರೆ ಉಪವಾಸ ಬಿಡುವ ಊಟ. ಆ ವರ್ಷ ದ್ವಾದಶಿ ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೇ ಮುಗಿಯುತ್ತಿತ್ತು. ಅಷ್ಟರೊಳಗೆ ಪಾರಣೆ ಆಗದಿದ್ದರೆ ಇನ್ನೂ ಒಂದು ದಿನ ನಿರಾಹಾರ ಎಂದು ಅವರು ತಮಗೆ ತಾವೇ ಹಾಕಿಕೊಂಡ ಪ್ರಾಯಶ್ಚಿತ್ತವಿತ್ತು. ಏಕಾದಶಿಯ ಸಂಜೆಗೇ ಅವರ ದನಿ ಅರ್ಧಕ್ಕಿಳಿದಿತ್ತು. "ಇನ್ನೊಂದು ದಿನ ಅಮ್ಮ ತಡೀತಾರೆ ಅಂತ ನನಗನ್ನಿಸೋಲ್ಲ ಸ್ವಾಮಿ. ಹೇಗಾದರೂ ಹೊತ್ತಿಗೆ ಬಂದುಬಿಡಿ" ಎಂದ ವೆಂಕಟರಾಮಯ್ಯನ ಕಣ್ಣಲ್ಲಿ ನೀರಿತ್ತು.

ಬೆಳಗಿನ ಜಾವ ಅನಂತಸ್ವಾಮಿ ಅಡುಗೆ ಮುಗಿಸಿ ಬಾಗಿಲು ತೆಗೆದರೆ ಎದುರಿಗೆ ಹೊಸ ಹಿಮ. ಮೆಟ್ಟಿಲು ಕಡಿದಿದ್ದ ದಾರಿ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಕಾಲಿಟ್ಟರೆ ಸೊಂಟದವರೆಗೆ ಇಳಿಯುತ್ತಿತ್ತು. ನಡೆದರೆ ಮಧ್ಯಾಹ್ನವಾದೀತು. ಸುಭಾನ್ ಆಗಲೇ ತನ್ನ ಹಲಗೆ ಹಿಡಿದು ಕಾದಿದ್ದ.

"ಇಂದು ಕೂರೋ ಹಾಗಿಲ್ಲ ಪಂಡಿತ್‌ಜೀ."

ಅನ್ನ, ನೆಲ್ಲಿಕಾಯಿಯ ತಂಬುಳಿ, ಹೆಸರುಬೇಳೆ, ನೀರಿನ ಚೊಂಬು ಎಲ್ಲವನ್ನೂ ಬಾಯಿ ಕಟ್ಟಿ ಒಂದು ಮುಚ್ಚಳದ ಪಾತ್ರೆಯಲ್ಲಿಟ್ಟು ಬೆನ್ನಿಗೆ ಬಿಗಿದುಕೊಂಡು, ಕೇಶವಸ್ವಾಮಿಯನ್ನು ನೆನೆದು ಅನಂತಸ್ವಾಮಿ ಹೊರಟ. ಸುಭಾನ್ ಮುಂದೆ ದಾರಿ ಕೊರೆಯುತ್ತಿದ್ದ. ಮೊಣಕಾಲು ಬಗ್ಗಿತು. ಮೈಗೆ ಗಾಳಿ ಬಡಿಯಿತು. ಪೈನ್ ಮರಗಳು ಹಿಂದಕ್ಕೆ ಓಡಿದವು. ಧಾಬಳಿ ಬಾವುಟದಂತೆ ಹಾರಿತು. "ಅಯ್ಯೋ, ಬರುತ್ತೆ ಕಣೋ ನನಗೆ!" ಎಂದು ಕೂಗಿದ. ಕೂಗಿದ್ದೇ ತಪ್ಪಾಯಿತು. ಮುಂದಿನ ಕ್ಷಣ ಅವನ ಎರಡು ಹಲಗೆಗಳು ಮಾತ್ರ ಹಿಮದ ಮೇಲೆ ಕಾಣುತ್ತಿದ್ದವು.

ತಲೆಕೆಳಗಾಗಿ ಹೂತವನನ್ನು ಕಂಡು ಸುಭಾನ್ ಮಡಿಗಿಡಿ ನೆನೆಯುತ್ತಾ ನಿಲ್ಲಲಿಲ್ಲ. ರಟ್ಟೆ ಹಿಡಿದು ಎಳೆದ.

ಬಾಯಲ್ಲಿದ್ದ ಹಿಮ ಉಗುಳಿ ಅನಂತಸ್ವಾಮಿ ಮೊದಲು ಆಡಿದ ಮಾತು: "ಮುಟ್ಟಿಬಿಟ್ಟೆಯಾ!"

"ಮತ್ತೆ ಒಳಗೇ ಇಡಲಾ?" ಎಂದ ಸುಭಾನ್.

ಮೇಲಕ್ಕೆ ಹೋಗಿ, ಸ್ನಾನ ಮಾಡಿ, ಮತ್ತೆ ಅಡುಗೆ ಮಾಡುವ ಹೊತ್ತಿಲ್ಲ. ಎದುರಿನ ಶಿಖರದ ತುದಿಗೆ ಬಿಸಿಲು ಹತ್ತಿತ್ತು. ಯಾರು ನೋಡಿದರು? ಸುಭಾನ್ ಹೇಳುವವನಲ್ಲ. ಕೇಶವಸ್ವಾಮಿ ಬೇಲೂರಿನಲ್ಲಿದ್ದಾನೆ, ಈ ಚಳಿಯಲ್ಲಿ ಇಷ್ಟು ದೂರ ಅವನೇಕೆ ಬಂದಾನು? ಹೀಗೆ ಸಮಾಧಾನ ಮಾಡಿಕೊಂಡು ಅನಂತಸ್ವಾಮಿ ಮತ್ತೆ ಜಾರಿದ. ಈ ಸಲ ಬೀಳದೆ ಬಂಗಲೆಯವರೆಗೂ ಬಂದ. ಆದರೆ ನಿಲ್ಲುವುದನ್ನು ಸುಭಾನ್ ಇನ್ನೂ ಹೇಳಿಕೊಟ್ಟಿರಲಿಲ್ಲ. ಜಗಲಿಯ ಮುಂದೆ ಗುಡಿಸಿ ಹಾಕಿದ್ದ ಹಿಮದ ರಾಶಿಯೊಳಕ್ಕೆ ಪಾತ್ರೆ ಸಮೇತ ನೇರವಾಗಿ ಹೋಗಿ ಮುಳುಗಿದ.

ತಾನೇ ಎದ್ದು ಬಂದ. ಪಾತ್ರೆಯ ಮುಚ್ಚಳ ಅಲ್ಲಾಡಿರಲಿಲ್ಲ. ಹಲಗೆಯ ಗಂಟು ಮಾತ್ರ ಕಲ್ಲಾಗಿತ್ತು; ಉದ್ದನೆಯ ಹಲಗೆ ಕಟ್ಟಿಕೊಂಡು ಬಾಗಿಲೊಳಗೆ ಹೋಗುವುದು ಸಾಧ್ಯವಿರಲಿಲ್ಲ. ಯದುಗಿರಿಯಮ್ಮನವರೇ ಮಗನ ಹೆಗಲು ಹಿಡಿದು ಬಂದು ಹೊಸ್ತಿಲ ಒಳಗೆ ಮಣೆಯ ಮೇಲೆ ಕೂತರು. ಮುಖ ಬಿಳಿಚಿತ್ತು. ಅನಂತಸ್ವಾಮಿ ಹೊರಗೆ ಹಲಗೆಗಳ ಮೇಲೆ ನಿಂತೇ ಚೊಂಬು ಬಗ್ಗಿಸಿದ. ಅವರು ಬೊಗಸೆ ಮುಂದೆ ಚಾಚಿದರು.

ನೀರು ಬೀಳಲಿಲ್ಲ. ಚೊಂಬು ಹಿಡಿದ ಅವನ ಕೈ ಮೇಲಕ್ಕೆದ್ದಿತ್ತು. "ಅಮ್ಮನವರೇ, ದಾರಿಯಲ್ಲಿ ಸುಭಾನ್ ನನ್ನ ಮುಟ್ಟಿದ" ಅಂದುಬಿಟ್ಟ. ಹೇಳಬಾರದೆಂದೇ ಬಂದಿದ್ದ. ನಲವತ್ತು ವರ್ಷ ಮಡಿ ಕಾಪಾಡಿದ ಕೈ, ಅವನ ಮಾತು ಕೇಳಲಿಲ್ಲ.

"ಅಯ್ಯೋ, ಈಗ ಹೇಳೋ ಮಾತೇನ್ರೀ ಇದು!" ಎಂದು ವೆಂಕಟರಾಮಯ್ಯ ಹಣೆ ಹಿಡಿದುಕೊಂಡ. "ಅಮ್ಮಾ, ಕುಡಿದುಬಿಡು. ಪಾಪ ನನಗಿರಲಿ."

"ನೀನು ಸುಮ್ಮನಿರೋ." ಯದುಗಿರಿಯಮ್ಮನವರ ದನಿ ಸಣ್ಣದಾಗಿದ್ದರೂ ಖಾರ ಕಡಿಮೆಯಾಗಿರಲಿಲ್ಲ. ಅವರು ಬಿಸಿಲನ್ನೊಮ್ಮೆ, ಅನಂತಸ್ವಾಮಿಯನ್ನೊಮ್ಮೆ ನೋಡಿದರು. "ಅನಂತೂ, ಅವನು ಮುಟ್ಟಿದ ಮೇಲೆ ನೀನು ಮತ್ತೆ ಬಿದ್ದೆಯೋ?"

"ಇಲ್ಲ ಅಮ್ಮನವರೇ. ಕೂತೆ."

"ಸರಿಯಾಗಿ ಯೋಚಿಸಿ ಹೇಳೋ. ಬರೀ ಕೂತಿದ್ದರೆ ನೀನಿನ್ನೂ ಮೈಲಿಗೆ. ತಲೆ ಸಮೇತ ಮುಳುಗಿದ್ದರೆ ಅದು ಸ್ನಾನ. ಹಿಮ ಅಂದರೆ ಏನು? ನೀರು ತಾನೇ?"

ಅನಂತಸ್ವಾಮಿ ಹಿಮದ ರಾಶಿಯ ಕಡೆಗೊಮ್ಮೆ ತಿರುಗಿ ನೋಡಿದ. ಅವನ ಹಿಂದೆ ಸುಭಾನ್ ನಿಂತಿದ್ದ. ಮಾತು ತಿಳಿಯದಿದ್ದರೂ ಎಲ್ಲವೂ ತಿಳಿದವನಂತೆ ಕಾಯುತ್ತಿದ್ದ. ಬಿಸಿಲು ಪೈನ್ ಮರಗಳ ತಲೆಗೆ ಇಳಿದಿತ್ತು.

"ಬಿದ್ದೆ" ಎಂದ ಅನಂತಸ್ವಾಮಿ.

"ಹ್ಞಾಂ? ಜೋರಾಗಿ ಹೇಳು."

"ಬಿದ್ದೆ ಅಮ್ಮನವರೇ! ತಲೆಯಿಂದ ಕಾಲಿನವರೆಗೆ ಮುಳುಗೋ ಹಾಗೆ ಬಿದ್ದೆ. ಕಿವಿಯೊಳಗೂ ಹೋಗಿದೆ. ನಿನ್ನೆಯೂ ಬಿದ್ದೆ, ಮೊನ್ನೆಯೂ ಬಿದ್ದೆ, ದಿನಾ ಬಿದ್ದೆ..."

"ಹಳೇದೆಲ್ಲ ಬೇಡ ಕಣೋ, ಇವತ್ತಿನದು ಸಾಕು. ಪಾತ್ರೆ?"

"ನನ್ನ ಜೊತೇಲೇ ಮುಳುಗಿತು."

"ಹಾಗಾದರೆ ಅದಕ್ಕೂ ಸ್ನಾನ ಆಯ್ತು. ನೀರು ಹಾಕು."

ಅವರು ನೀರು ಕುಡಿದರು. ಗಂಟಲಿನಲ್ಲಿ ಅದು ಇಳಿಯುವುದನ್ನು ಮೂವರೂ ಉಸಿರು ಬಿಡದೆ ನೋಡಿದರು. ಆಮೇಲೆ ಒಂದು ತುತ್ತು ತಂಬುಳಿ ಅನ್ನ, ಮತ್ತೊಂದು. ವೆಂಕಟರಾಮಯ್ಯ ಅಲ್ಲೇ ಗೋಡೆಗೊರಗಿ ಕುಸಿದು ಕೂತ. ಅವನು ನಿಜವಾಗಿಯೂ ಕೂತದ್ದು. ಯದುಗಿರಿಯಮ್ಮನವರ ಕೆನ್ನೆಗೆ ಬಣ್ಣ ಬಂದದ್ದೇ, "ಉಪ್ಪು ಸ್ವಲ್ಪ ಮುಂದಾಗಿದೆ" ಎಂದರು. ಇನ್ನು ಭಯವಿಲ್ಲವೆಂದು ಎಲ್ಲರಿಗೂ ಗೊತ್ತಾಯಿತು. "ಆ ಸುಭಾನನಿಗೂ ಊಟ ಹಾಕು. ಪಾಪ, ನಿನ್ನಂಥವನನ್ನ ಎಳೆದು ತೆಗೆಯೋದು ಸಣ್ಣ ಕೆಲಸ ಅಲ್ಲ."

ವೆಂಕಟರಾಮಯ್ಯ ಗಂಟು ಕತ್ತರಿಸಲು ಚಾಕು ತಂದ.

"ತಡೀರಿ ಸ್ವಾಮಿ. ಹಗ್ಗ ಹಾಳು ಮಾಡಬೇಡಿ. ಮಧ್ಯಾಹ್ನಕ್ಕೆ ಮತ್ತೆ ಇಳಿಯಬೇಕಲ್ಲ" ಎಂದ ಅನಂತಸ್ವಾಮಿ. ಹಾಗೆ ಹೇಳುವಾಗ ಅವನು ಗುಡ್ಡವನ್ನು ನೋಡುತ್ತಿದ್ದ ರೀತಿ, ಮದುವೆಮನೆಯಲ್ಲಿ ಮಂಡಿಗೆ ಕಂಡವರ ರೀತಿಯಂತಿತ್ತು. ಒಂದು ಹಲಗೆ ಇನ್ನೊಂದರ ಮೇಲೆ ಏರಿ ಅವನು ವಾಲಿದ. ಸುಭಾನ್ ಓಡಿ ಬಂದವನು, ಒಂದು ಮಾರು ದೂರದಲ್ಲಿ ಗಕ್ಕನೆ ನಿಂತು ಎರಡು ಕೈಗಳನ್ನೂ ಹಿಂದಕ್ಕೆ ಕಟ್ಟಿಕೊಂಡ.

ಅನಂತಸ್ವಾಮಿ ತೋಳು ಚಾಚಿದ.

"ಏನ್ ನೋಡ್ತಾ ನಿಂತಿದೀಯಾ ಮಾರಾಯ? ಹಿಡ್ಕೋ. ಇಳಿಯೋವಾಗ ಹೇಗೂ ಸ್ನಾನ ಆಗುತ್ತೆ."